ಆನೆ ಹೋದ ಮೇಲೂ ಕಾವಲು

ರಾಮನಗರದ ರೇಷ್ಮೆ ಬಿಚ್ಚಣಿಕೆ ಮನೆಯಲ್ಲಿ ದುಡಿಯುವ ಒಬ್ಬ ಹೆಂಗಸನ್ನು ಊಹಿಸಿಕೊಳ್ಳಿ. ವಯಸ್ಸು ನಲವತ್ತೈದರ ಆಸುಪಾಸು. ಬೆಳಿಗ್ಗೆಯಿಂದ ಬೇಸಿನ್ನಿನ ಮುಂದೆ ನಿಂತು, ಬಿಸಿನೀರಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ ಎಳೆಯ ತುದಿ ಹುಡುಕಿದ್ದಾಳೆ. ತುಂಡಾದ ಎಳೆಯನ್ನು ಮತ್ತೆ ಮತ್ತೆ ಕೂಡಿಸಿದ್ದಾಳೆ. ಹಗಲು ಹೇಗೋ ಕಳೆಯಿತು. ರಾತ್ರಿ ಪಾತ್ರೆ ತೊಳೆದಿಟ್ಟು, ದೀಪ ಆರಿಸಿ, ತಲೆ ದಿಂಬಿಗೆ ತಾಗಿದ್ದೇ ತಡ, ಬಲಭುಜ ಸೆಳೆಯತೊಡಗುತ್ತದೆ. ಅಲ್ಲಿಂದ ಕುತ್ತಿಗೆ, ಕುತ್ತಿಗೆಯಿಂದ ತಲೆಯ ಹಿಂಭಾಗ. ‘ಹಗಲೆಲ್ಲ ಎಲ್ಲಿತ್ತೋ ಈ ನೋವು?’

ಹಲ್ಲುನೋವು ಬಂದವರಿಗೂ ಕಿವಿನೋವಿನ ಮಗುವನ್ನು ಎತ್ತಿಕೊಂಡು ಓಡಾಡಿದ ತಾಯಂದಿರಿಗೂ ಇದು ಗೊತ್ತಿರುವ ಸಂಗತಿಯೇ. ಸದ್ದಡಗಿದಾಗ ನೋವು ಏರುತ್ತದೆ. ಮಲಗಿದ ಭಂಗಿ, ರಾತ್ರಿಯ ಹೊತ್ತಿನ ದೇಹದ ರಸಗಳ ಏರಿಳಿತ, ಇವೆಲ್ಲ ಇದಕ್ಕೆ ಕಾರಣಗಳು ಹೌದು. ಜೊತೆಗೆ ಇನ್ನೊಂದು ಸರಳ ಕಾರಣವಿದೆ: ಗಮನ ಸೆಳೆಯಲು ಆಗ ಬೇರೇನೂ ಉಳಿದಿರುವುದಿಲ್ಲ.

ಇಲ್ಲೇ ಒಂದು ಒಗಟು ಹುಟ್ಟುತ್ತದೆ. ಹೀಗೆ ವರ್ಷಗಟ್ಟಲೆ ನೋವು, ಸುಸ್ತು ಹೊತ್ತು ತಿರುಗುವವರಿಗೆ ಈಗೀಗ ಎಲ್ಲರೂ ಕೊಡುವ ಸಲಹೆ ‘ಧ್ಯಾನ ಮಾಡಿ’ ಎಂಬುದು. ಧ್ಯಾನವೆಂದರೆ ಸದ್ದಡಗಿಸಿ, ಕಣ್ಣು ಮುಚ್ಚಿ, ಸುಮ್ಮನೆ ಕೂರುವುದು ತಾನೆ? ನೋವು ಏರುವುದೇ ಅಂಥ ಹೊತ್ತಿನಲ್ಲಿ. ಸಲಹೆ ಕೇಳಿ ಕೂತವರಲ್ಲಿ ಎಷ್ಟೋ ಮಂದಿ ಮೂರನೆಯ ದಿನಕ್ಕೆ ‘ಇದರಿಂದ ಜಾಸ್ತಿಯಾಯಿತು’ ಎಂದು ಎದ್ದುಬಿಡುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಶ್ರದ್ಧೆ ಕಡಿಮೆ ಎಂದೂ ಅಲ್ಲ. ಹಾಗಿದ್ದರೂ ಆ ಸಲಹೆಯಲ್ಲಿ ಹುರುಳಿದೆ. ಎರಡೂ ನಿಜವಾಗುವುದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ನೋವು ಎಂದರೇನು ಎಂದು ನೋಡಬೇಕು.

ಗಾಯದ ಲೆಕ್ಕ ಬೇರೆ, ನೋವಿನ ಲೆಕ್ಕ ಬೇರೆ

ರಾಗಿ ಕೊಯ್ಲಿನಲ್ಲಿ ಕುಡುಗೋಲು ಬೆರಳಿಗೆ ತಾಗಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ತೆನೆಯ ಮೇಲೆ ರಕ್ತ ಕಂಡ ಮೇಲೆ ‘ಅಯ್ಯೋ’ ಎನ್ನುತ್ತೇವೆ, ಉರಿ ಶುರುವಾಗುವುದೂ ಆಗಲೇ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಆಂಜಿಯೋ ರಣರಂಗದಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ಕಂಡರು. ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಸುಮಾರು ನಾಲ್ವರಲ್ಲಿ ಮೂವರು ನೋವಿನ ಔಷಧ ಬೇಡವೆಂದರು. 1946ರಲ್ಲಿ ಬೀಚರ್ ಇದನ್ನು ಪ್ರಕಟಿಸಿದರು. ಆ ಸೈನಿಕರ ಪಾಲಿಗೆ ಗಾಯವೆಂದರೆ ಯುದ್ಧದಿಂದ ಬಿಡುಗಡೆ, ಜೀವ ಉಳಿಯಿತೆಂಬ ಖಾತರಿ.

ಇದರ ತಿರುವುಮುರುವೂ ಉಂಟು. 2015ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ, ಬೆನ್ನುನೋವೇ ಇಲ್ಲದ 3,110 ಜನರ ಬೆನ್ನಿನ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ನೋಡಿತು. ಇಪ್ಪತ್ತರ ಹರೆಯದವರಲ್ಲೇ ಶೇಕಡಾ 37ರಷ್ಟು ಜನರಿಗೆ ಡಿಸ್ಕ್ ಸವೆದಿತ್ತು. ಎಂಬತ್ತರ ಹೊತ್ತಿಗೆ ಈ ಪ್ರಮಾಣ ಶೇಕಡಾ 96. ಅವರಾರಿಗೂ ನೋವಿರಲಿಲ್ಲ. ಸ್ಕ್ಯಾನ್ ವರದಿ ಕೈಯಲ್ಲಿ ಹಿಡಿದು ‘ಡಿಸ್ಕ್ ಸವೆದುಹೋಗಿದೆಯಂತೆ, ನನ್ನ ಕಥೆ ಮುಗಿಯಿತು’ ಎಂದು ಹೆದರಿ ಕೂತವರಿಗೆ ಈ ಅಂಕಿಗಳನ್ನು ಯಾರಾದರೂ ಓದಿ ಹೇಳಬೇಕು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಇನ್ನೊಂದು ಉದಾಹರಣೆ ನೆನಪಿದೆ. 2006ರಲ್ಲಿ ಚಿಕೂನ್‌ಗುನ್ಯ ಬಂದಿತ್ತು. ಆ ವರ್ಷ ಕರ್ನಾಟಕ ಒಂದರಲ್ಲೇ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆಫ್ರಿಕಾದ ಮಕೊಂಡೆ ಭಾಷೆಯ ಆ ಹೆಸರಿಗೆ ‘ಬಗ್ಗಿಸಿಬಿಡುವುದು’ ಎಂಬಂಥ ಅರ್ಥ. ಜ್ವರ ವಾರದೊಳಗೆ ಇಳಿಯಿತು. ಆದರೆ ಹಲವರಿಗೆ ಕೀಲುನೋವು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಡಲಿಲ್ಲ. ಅವರಲ್ಲಿ ಒಂದಷ್ಟು ಜನರಿಗೆ ಕೀಲುಗಳಲ್ಲಿ ಉರಿಯೂತ ನಿಜವಾಗಿಯೂ ಉಳಿದಿತ್ತು, ಅದಕ್ಕೆ ಔಷಧವೇ ಬೇಕು. ಇನ್ನಷ್ಟು ಜನರಲ್ಲಿ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಸರಿಯಿದ್ದವು. ನೋವು ಮಾತ್ರ ಇದ್ದೇ ಇತ್ತು, ಸುಸ್ತೂ ಇತ್ತು. ಮನೆಯವರಿಗೆ ಅನುಮಾನ, ಅನುಭವಿಸುವವರಿಗೆ ಅವಮಾನ.

ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎಂದು ಬೇರೆಯಾಗಿ ಗುರುತಿಸುತ್ತಾರೆ. ಕನ್ನಡದಲ್ಲಿ ಇದನ್ನು ‘ಬಿಡದ ನೋವು’ ಎನ್ನಬಹುದು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯಾನವನ್ನು ತಿದ್ದಿ ಬರೆಯಿತು. ಅದರ ಪ್ರಕಾರ ನೋವೆನ್ನಲು ಅಂಗಾಂಶಕ್ಕೆ ಹಾನಿಯಾಗಿರಲೇಬೇಕಿಲ್ಲ, ಹಾನಿಯಾದಾಗ ಆಗುವಂಥ ಅನುಭವವಾದರೂ ಅದು ನೋವೇ. ‘ನಿನಗೇನೂ ಆಗಿಲ್ಲ, ಎಲ್ಲ ಮನಸ್ಸಿನ ಭ್ರಮೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ನೋವು ಇದೆ ಎಂದು ಒಬ್ಬರು ಹೇಳಿದರೆ ಅದು ಇದೆ.

ಕಾಡಂಚಿನ ರಾಗಿ ಹೊಲ

ಕನಕಪುರದ ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ಕಾಯುವುದೆಂದರೆ ಏನೆಂದು ಅಲ್ಲಿನವರಿಗೆ ವಿವರಿಸಬೇಕಿಲ್ಲ. ಒಂದು ಕಡೆ ಬನ್ನೇರುಘಟ್ಟ, ಇನ್ನೊಂದು ಕಡೆ ಕಾವೇರಿ ವನ್ಯಧಾಮ. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆ ಇಳಿಯುತ್ತದೆ. ಅಟ್ಟಣೆ ಕಟ್ಟಿ, ಬ್ಯಾಟರಿ, ಪಟಾಕಿ ಇಟ್ಟುಕೊಂಡು ರಾತ್ರಿಯೆಲ್ಲ ಕೂರಬೇಕು.

ಒಬ್ಬ ರೈತನ ಹೊಲಕ್ಕೆ ಒಂದು ರಾತ್ರಿ ಆನೆ ನುಗ್ಗಿತು ಎನ್ನಿ. ಅರ್ಧ ಬೆಳೆ ನೆಲಸಮ. ಮರುದಿನದಿಂದ ಅವನ ಕಿವಿ ಮೊದಲಿನ ಕಿವಿಯಲ್ಲ. ತರಗೆಲೆ ಸರಿದರೆ ಆನೆ, ಹಂದಿ ಓಡಿದರೆ ಆನೆ, ಗಾಳಿಗೆ ಮಾವಿನ ಕೊಂಬೆ ತೂಗಿದರೆ ಆನೆ. ಒಂದೊಂದು ಸದ್ದಿಗೂ ಪಟಾಕಿ ಹಚ್ಚುತ್ತಾನೆ. ಹಿಂಡು ಕಾಡಿಗೆ ಮರಳಿ ಎರಡು ತಿಂಗಳಾಗಿದೆ. ಇವನ ಹೊಲದಲ್ಲಿ ಪಟಾಕಿಯ ಸದ್ದು ನಿಂತಿಲ್ಲ. ಬೆಳಗಾಗುವ ಹೊತ್ತಿಗೆ ಮೈಯಲ್ಲಿ ತ್ರಾಣವೂ ಇಲ್ಲ.

ಈ ಕಾವಲುಗಾರ ನಮ್ಮ ನರಮಂಡಲ. ಸದ್ದು ಎಂದರೆ ಕೀಲು, ಸ್ನಾಯು, ಚರ್ಮದಿಂದ ಬರುವ ಸುದ್ದಿ. ಪಟಾಕಿಯೇ ನೋವು.

ಸ್ನಾಯುವಿನಿಂದ ಹೊರಟ ಸುದ್ದಿಗೆ ‘ನೋವು’ ಎಂಬ ಚೀಟಿ ಮೊದಲೇ ಅಂಟಿರುವುದಿಲ್ಲ. ಅದು ಬೆನ್ನುಹುರಿಗೆ ಬರುತ್ತದೆ, ಅಲ್ಲಿಂದ ಮಿದುಳಿಗೆ ಹೋಗುತ್ತದೆ. ಮಿದುಳು ಆ ಸುದ್ದಿಯ ಜೊತೆ ಹಳೆಯ ನೆನಪು, ಈಗಿನ ಸನ್ನಿವೇಶ, ನಾಳಿನ ಚಿಂತೆ ಎಲ್ಲವನ್ನೂ ಕೂಡಿಸಿ ‘ಇದು ಎಷ್ಟು ಅಪಾಯ?’ ಎಂದು ಅಂದಾಜು ಹಾಕುತ್ತದೆ. ಅಂದಾಜು ದೊಡ್ಡದಾದರೆ ಪಟಾಕಿ ಸಿಡಿಯುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ, ನಮ್ಮ ಅರಿವಿಗೆ ಬಾರದೆ ನಡೆಯುವುದರಿಂದ ಭುಜವೇ ನೋಯುತ್ತಿದೆ ಎಂದು ನಮಗೆ ಅನ್ನಿಸುತ್ತದೆ.

ಬಹುಕಾಲ ಸದ್ದು ಕೇಳಿಸಿಕೊಂಡ ಕಾವಲುಗಾರನ ಕಿವಿ ಚುರುಕಾಗುವುದು ಬರೀ ಹೋಲಿಕೆಯ ಮಾತಲ್ಲ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಪೆಟ್ಟಾದ ಮೇಲೆ ಬೆನ್ನುಹುರಿಯ ನರಕೋಶಗಳೇ ಬದಲಾಗುವುದನ್ನು ತೋರಿಸಿದರು. ಮೊದಲು ಜೋರಾಗಿ ಹಿಸುಕಿದರೆ ಮಾತ್ರ ಕೂಗುತ್ತಿದ್ದ ಕೋಶಗಳು ಈಗ ಹಗುರ ಸ್ಪರ್ಶಕ್ಕೂ ಕೂಗತೊಡಗುತ್ತವೆ. ವೈದ್ಯರು ಇದನ್ನು ಸೆಂಟ್ರಲ್ ಸೆನ್ಸಿಟೈಸೇಶನ್ ಎನ್ನುತ್ತಾರೆ. ನಾವು ‘ಕಿವಿ ಚುರುಕಾಗುವುದು’ ಎಂದೇ ಕರೆಯೋಣ. ಫೈಬ್ರೊಮಯಾಲ್ಜಿಯಾ ಎಂಬ ಮೈತುಂಬ ನೋವಿನ ಕಾಯಿಲೆಯಲ್ಲಿ, ಹಳೆಯ ಬೆನ್ನುನೋವುಗಳಲ್ಲಿ, ಪದೇಪದೇ ಬರುವ ತಲೆನೋವಿನಲ್ಲಿ ಇದರ ಪಾತ್ರ ದೊಡ್ಡದು. ಸೀರೆಯ ಸೆರಗು ಭುಜಕ್ಕೆ ತಾಗಿದರೂ ಸಂಕಟವಾಗುತ್ತದೆ ಎನ್ನುವವರ ಮಾತಿಗೆ ವಿವರಣೆ ಇಲ್ಲಿದೆ.

ಬೀಸುವ ಕಲ್ಲಿನ ಹಾಡು ಮತ್ತು ಬೆನ್ನುಹುರಿಯ ಗೇಟು

ರಾಮನಗರ, ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಬದಿಗೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಅಲ್ಲಿಟ್ಟಿರುವ ಹಳೆಯ ಮನೆಬಳಕೆಯ ವಸ್ತುಗಳ ಮುಂದೆ ನಿಂತಾಗ, ನಸುಕಿಗೆ ಮುಂಚೆಯೇ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದ ಹೆಂಗಸರ ನೆನಪಾಗುತ್ತದೆ. ಮನೆಮಂದಿಗೆಲ್ಲ ಆಗುವಷ್ಟು ರಾಗಿ ಬೀಸುವುದು ಭುಜ, ಸೊಂಟ ಮುರಿಯುವ ಕೆಲಸ. ಅದಕ್ಕೆಂದೇ ಬೀಸುವ ಪದಗಳೆಂಬ ಹಾಡುಗಳಿದ್ದವು. ಕಲ್ಲು ತಿರುಗುವ ಲಯಕ್ಕೆ ಹಾಡು, ಹಾಡಿನ ಲಯಕ್ಕೆ ಕಲ್ಲು. ಆ ಹೆಂಗಸರು ಕಂಡುಕೊಂಡಿದ್ದ ಉಪಾಯಕ್ಕೆ ನರವಿಜ್ಞಾನ ಕಾರಣ ಹುಡುಕಿದ್ದು ಬಹಳ ತಡವಾಗಿ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ಹೊಸ ವಿಚಾರ ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದೆ, ನೋವಿನ ಸುದ್ದಿ ಅದನ್ನು ದಾಟಿಯೇ ಮೇಲೆ ಹೋಗಬೇಕು ಎಂದರು. ಪೆಟ್ಟು ಬಿದ್ದ ಜಾಗವನ್ನು ಉಜ್ಜಿದರೆ ಸ್ಪರ್ಶದ ಸುದ್ದಿ ನುಗ್ಗಿ ಗೇಟು ಅರ್ಧ ಮುಚ್ಚುತ್ತದೆ. ಬಿದ್ದ ಮಗುವಿನ ಮೊಣಕಾಲನ್ನು ಅಮ್ಮ ಸವರಿದಾಗ ಅಳು ಇಳಿಯುವುದರ ಒಂದು ಗುಟ್ಟು ಇದು. ಇದಕ್ಕಿಂತ ಮುಖ್ಯವಾದದ್ದು, ಮೇಲಿನಿಂದ ಮಿದುಳು ಕೂಡ ಈ ಗೇಟನ್ನು ಎಳೆಯಬಲ್ಲದು ಎಂಬುದು. ಗೇಟಿನ ವಿವರಗಳು ಮುಂದೆ ಬಹಳಷ್ಟು ತಿದ್ದುಪಡಿ ಕಂಡವು. ಮೂಲ ವಿಚಾರ ಉಳಿಯಿತು. 2012ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ತಂಡವೊಂದು, ಕಷ್ಟದ ನೆನಪಿನ ಲೆಕ್ಕದಲ್ಲಿ ತೊಡಗಿದವರ ಬೆನ್ನುಹುರಿಯಲ್ಲೇ ನೋವಿನ ಸುದ್ದಿ ತಗ್ಗುವುದನ್ನು ಸ್ಕ್ಯಾನರಿನಲ್ಲಿ ಕಂಡಿತು. ಗಮನ ಬೇರೆಡೆಗೆ ಹೋದರೆ ಸುದ್ದಿ ಮಿದುಳು ತಲುಪುವ ಮೊದಲೇ ಸಣ್ಣದಾಗುತ್ತದೆ ಎಂದಾಯಿತು.

ಬೇಸಿನ್ನಿನ ಮುಂದೆ ಹಗಲಿಡೀ ಎಳೆಯ ತುದಿ ಹುಡುಕುವ ಹೆಂಗಸಿಗೆ ಆ ಹುಡುಕಾಟವೇ ಬೀಸುವ ಪದ. ರಾತ್ರಿ ಹಾಡು ನಿಂತಿತು, ಗೇಟು ತೆರೆಯಿತು.

ನೋವನ್ನೇ ನೋಡುವುದು

ಹಾಗಾದರೆ ಸದಾ ಏನಾದರೊಂದು ಕೆಲಸ, ಟಿವಿ, ಫೋನು ಹಿಡಿದುಕೊಂಡಿದ್ದರೆ ಸಾಲದೇ? ಸ್ವಲ್ಪ ಮಟ್ಟಿಗೆ ಸಾಕು. ಎಷ್ಟೋ ಜನ ಹಾಗೆಯೇ ದಿನ ದೂಡುತ್ತಾರೆ. ಆದರೆ ಹಾಡು ನಿಂತಾಗ ಕಾವಲುಗಾರ ಮೊದಲಿನಷ್ಟೇ ಹೆದರಿರುತ್ತಾನೆ. ಅವನು ಕೇಳಿಸಿಕೊಳ್ಳುವುದನ್ನು ನಾವು ತಪ್ಪಿಸಿದ್ದೆವು, ಹೆದರುವುದನ್ನು ತಪ್ಪಿಸಿರಲಿಲ್ಲ. ಧ್ಯಾನ ಹಿಡಿಯುವ ದಾರಿ ಬೇರೆ. ಅದು ಕಾವಲುಗಾರನ ಕೈಗೆ ಬ್ಯಾಟರಿ ಕೊಟ್ಟು, ‘ಪಟಾಕಿ ಹಚ್ಚುವ ಮೊದಲು ಒಮ್ಮೆ ನೋಡು’ ಎನ್ನುತ್ತದೆ.

ಈ ದಾರಿಯ ಇತ್ತೀಚಿನ ಚರಿತ್ರೆಯಲ್ಲಿ ಒಂದು ತಲೆನೋವಿನ ಕಥೆಯಿದೆ. ಬರ್ಮಾದಲ್ಲಿ ಹುಟ್ಟಿದ ಭಾರತೀಯ ಮೂಲದ ವ್ಯಾಪಾರಿ, ಮುಂದೆ ಧ್ಯಾನ ಗುರುವಾದ ಎಸ್.ಎನ್. ಗೋಯೆಂಕಾ ಅವರಿಗೆ ತೀವ್ರ ಮೈಗ್ರೇನ್ ಇತ್ತು, ಮಾರ್ಫಿನ್ ಚುಚ್ಚುಮದ್ದಿನವರೆಗೆ ಹೋಗಿತ್ತು. 1955ರಲ್ಲಿ ಅವರು ರಂಗೂನಿನ ಧ್ಯಾನ ಗುರು, ಸರ್ಕಾರಿ ಅಧಿಕಾರಿಯೂ ಆಗಿದ್ದ ಊ ಬಾ ಖಿನ್ ಅವರ ಬಳಿ ಹೋದರು. ಬರೀ ತಲೆನೋವು ವಾಸಿಮಾಡಿಕೊಳ್ಳಲು ಬರುವುದಾದರೆ ಬೇಡ ಎಂದು ಗುರು ಮೊದಲು ಒಪ್ಪಲಿಲ್ಲ. ಗುರುವಿನ ಆ ನಿಲುವು ಇಂದಿನ ತಿಳಿವಳಿಕೆಗೂ ಹೊಂದುತ್ತದೆ: ನೋವು ಹೋಗಲೆಂದು ಮಿನಿಟು ಎಣಿಸುತ್ತಾ ಕೂರುವವರ ಕಾವಲುಗಾರ ಇನ್ನಷ್ಟು ಕಿವಿ ನಿಮಿರಿಸುತ್ತಾನೆ. ಮೈಗ್ರೇನ್ ಎಷ್ಟು ವ್ಯಾಪಕ ಎಂಬುದಕ್ಕೆ ದೂರ ಹೋಗಬೇಕಿಲ್ಲ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ 2,329 ಜನರನ್ನು ಮಾತಾಡಿಸಿ ಮಾಡಿದ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಂಡವರು ಸುಮಾರು ನಾಲ್ವರಲ್ಲಿ ಒಬ್ಬರು.

ಆಸ್ಪತ್ರೆಯ ಬಾಗಿಲೊಳಗೆ ಧ್ಯಾನವನ್ನು ಕರೆತಂದವರು ಜಾನ್ ಕಬಾಟ್-ಜಿನ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಅವರು ತರಗತಿ ಶುರುಮಾಡಿದರು. ಬೇರೆ ಚಿಕಿತ್ಸೆಗಳಿಂದ ಗುಣವಾಗದ ರೋಗಿಗಳನ್ನು ವೈದ್ಯರು ಅವರ ಬಳಿಗೆ ಕಳುಹಿಸುತ್ತಿದ್ದರು. 1982ರಲ್ಲಿ ಅಂಥ 51 ಜನರ ಫಲಿತಾಂಶ ಪ್ರಕಟವಾಯಿತು. ಹತ್ತು ವಾರಗಳ ಹೊತ್ತಿಗೆ ಶೇಕಡಾ 65ರಷ್ಟು ಜನರ ನೋವಿನ ಅಂಕ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಇಳಿದಿತ್ತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ ಎಂಬ ಕೊರತೆ ಆ ಅಧ್ಯಯನಕ್ಕಿದೆ. ಆದರೂ ಅದು ಬಾಗಿಲು ತೆರೆಯಿತು.

ಒಳಗೆ ಏನು ನಡೆಯುತ್ತದೆ ಎಂಬುದಕ್ಕೆ ಎರಡು ಪ್ರಯೋಗಗಳು ಬೆಳಕು ಚೆಲ್ಲುತ್ತವೆ. ಫದೆಲ್ ಝೈದಾನ್ ಅವರ ತಂಡ 15 ಆರೋಗ್ಯವಂತರಿಗೆ ದಿನಕ್ಕೆ ಇಪ್ಪತ್ತು ನಿಮಿಷದಂತೆ ನಾಲ್ಕೇ ದಿನ ಉಸಿರು ಗಮನಿಸುವುದನ್ನು ಕಲಿಸಿತು. ಆಮೇಲೆ ಅವರ ಮೀನಖಂಡಕ್ಕೆ 49 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿಸಿತು. 2011ರ ಆ ವರದಿಯಲ್ಲಿ, ಧ್ಯಾನದ ಹೊತ್ತಿನಲ್ಲಿ ನೋವಿನ ತೀವ್ರತೆ ಶೇಕಡಾ 40ರಷ್ಟು ಇಳಿದರೆ, ನೋವಿನ ಅಸಹನೀಯತೆ ಶೇಕಡಾ 57ರಷ್ಟು ಇಳಿಯಿತು. ‘ಎಷ್ಟು ಬಿಸಿ’ ಎನ್ನುವುದಕ್ಕಿಂತ ‘ಎಷ್ಟು ಸಂಕಟ’ ಎನ್ನುವುದು ಹೆಚ್ಚು ತಗ್ಗಿತು. ಇವೆರಡೂ ಬೇರೆ ಬೇರೆ ಎಂಬುದೇ ಇಲ್ಲಿನ ಮುಖ್ಯ ಸುಳಿವು.

2012ರಲ್ಲಿ ಪ್ರಕಟವಾದ ಟಿಮ್ ಗಾರ್ಡ್ ಮತ್ತು ಸಂಗಡಿಗರ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಪಳಗಿದ ಧ್ಯಾನಿಗಳಿಗೆ ಸಣ್ಣ ವಿದ್ಯುತ್ ಶಾಕ್ ಕೊಟ್ಟಾಗ, ಸಂವೇದನೆಯನ್ನು ಗ್ರಹಿಸುವ ಮಿದುಳಿನ ಭಾಗ ಧ್ಯಾನದಲ್ಲಿ ಹೆಚ್ಚು ಚುರುಕಾಯಿತು. ಹತ್ತಿಕ್ಕಿ ಹಿಡಿಯುವ, ನಿಯಂತ್ರಿಸುವ ಭಾಗ ಸಡಿಲವಾಯಿತು. ಆದರೆ ಸಂಕಟ ಇಳಿಯಿತು, ಶಾಕ್ ಬರುವ ಮುಂಚಿನ ಆತಂಕವೂ ಇಳಿಯಿತು. ಕಾವಲುಗಾರ ಮೊದಲಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದಾನೆ, ಪಟಾಕಿ ಮಾತ್ರ ಕಡಿಮೆ ಹಚ್ಚುತ್ತಿದ್ದಾನೆ. ಬೀಸುವ ಪದಕ್ಕೂ ಧ್ಯಾನಕ್ಕೂ ಇರುವ ವ್ಯತ್ಯಾಸ ಇದು.

ದೇಹವೇ ತಯಾರಿಸುವ ಅಫೀಮಿನಂಥ ರಸಗಳಿಂದ ಈ ಪರಿಣಾಮವೇ ಎಂದೂ ಪರೀಕ್ಷಿಸಿದ್ದಾರೆ. 2016ರಲ್ಲಿ ಝೈದಾನ್ ತಂಡ ಆ ರಸಗಳನ್ನು ತಡೆಯುವ ನಲಾಕ್ಸೋನ್ ಔಷಧ ಕೊಟ್ಟ ಮೇಲೂ ಧ್ಯಾನದ ಪರಿಣಾಮ ಉಳಿಯಿತು ಎಂದಿತು. ಅನುಭವಿ ಧ್ಯಾನಿಗಳ ಮೇಲೆ ನಡೆದ ಇನ್ನೊಂದು ಚಿಕ್ಕ ಪ್ರಯೋಗ ಇದಕ್ಕೆ ವಿರುದ್ಧವಾದ ಫಲ ಕೊಟ್ಟಿದೆ. ಚರ್ಚೆ ಮುಗಿದಿಲ್ಲ.

ಈಗ ಮೊದಲಿನ ಒಗಟಿಗೆ ಬರಬಹುದು. ಹೊಸಬರು ಕಣ್ಣು ಮುಚ್ಚಿ ಕೂತಾಗ ಮೊದಲು ಆಗುವುದು ಹಾಡು ನಿಲ್ಲುವುದು. ಅದುವರೆಗೆ ಮುಸುಕಿನಲ್ಲಿದ್ದ ಸದ್ದುಗಳೆಲ್ಲ ಒಮ್ಮೆಲೆ ಕೇಳಿಸುತ್ತವೆ. ಬ್ಯಾಟರಿ ಹಿಡಿದು ನೋಡಲು ಇನ್ನೂ ಕಲಿತಿಲ್ಲ. ಆದ್ದರಿಂದ ಮೊದಲ ವಾರ ನೋವು ಹೆಚ್ಚಾದಂತೆ ಅನ್ನಿಸುವುದು ನಿರೀಕ್ಷಿತ. ಆ ವಾರವನ್ನು ದಾಟಿಸುವಷ್ಟು ಹಗುರವಾದ ಆರಂಭ ಬೇಕು. ಅಲ್ಲಿಗೆ ಬರುವ ಮೊದಲು ಸುಸ್ತಿನ ವಿಚಾರ ಆಗಬೇಕು, ಯಾಕೆಂದರೆ ಬಹಳ ಜನ ಎಡವುವುದು ಅಲ್ಲಿ.

ಸುಸ್ತಿನ ಲೆಕ್ಕ

ರಾತ್ರಿಯಿಡೀ ಪಟಾಕಿ ಹಚ್ಚಿದವನಿಗೆ ಬೆಳಿಗ್ಗೆ ತ್ರಾಣವಿಲ್ಲ ಎಂದೆವಷ್ಟೆ. ಇದರ ಇನ್ನೊಂದು ಮಗ್ಗುಲೂ ನಿಜ: ನಿದ್ದೆಗೆಟ್ಟ ಕಾವಲುಗಾರನಿಗೆ ಹೆದರಿಕೆ ಜಾಸ್ತಿ. 1975ರಲ್ಲಿ ಟೊರಾಂಟೋದ ಹಾರ್ವಿ ಮೊಲ್ಡೊಫ್‌ಸ್ಕಿ ಆರೋಗ್ಯವಂತ ಸ್ವಯಂಸೇವಕರು ಗಾಢ ನಿದ್ದೆಗೆ ಇಳಿದಾಗಲೆಲ್ಲ ಸದ್ದು ಮಾಡಿ ಕದಡಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೆ ಮೈಕೈ ನೋವು, ಒತ್ತಿದರೆ ನೋಯುವ ಸ್ನಾಯುಗಳು ಕಾಣಿಸಿಕೊಂಡವು. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಕಿವಿ ಚುರುಕು ಮಾಡುತ್ತದೆ, ಗಾಣದ ಎತ್ತಿನಂತೆ ಸುತ್ತು.

ಎಲ್ಲ ಸುಸ್ತೂ ಇದೇ ಜಾತಿಯದಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇಕಡಾ 48ರಷ್ಟು ಜನರಿಗೆ ರಕ್ತಹೀನತೆ ಇದೆ. ಥೈರಾಯಿಡ್, ಸಕ್ಕರೆ ಕಾಯಿಲೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವೆಲ್ಲ ಸುಸ್ತಿನ ಮುಖವಾಡದಲ್ಲೇ ಬರುತ್ತವೆ. ಕಬ್ಬಿಣದ ಮಾತ್ರೆ ಬೇಕಾದ ಹೆಂಗಸಿಗೆ ಧ್ಯಾನ ಹೇಳಿಕೊಟ್ಟು ಕಳುಹಿಸುವುದು ಅನ್ಯಾಯ. ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು.

ಪರೀಕ್ಷೆಗಳೆಲ್ಲ ಆದ ಮೇಲೂ ಉಳಿಯುವ ಸುಸ್ತಿನಲ್ಲಿ ಒಂದು ವಿಶೇಷ ಬಗೆಯಿದೆ. ಇವತ್ತು ಮೈ ಹಗುರವಾಗಿದೆಯೆಂದು ಮೂಟೆಗಟ್ಟಲೆ ಬಟ್ಟೆ ಒಗೆದರೆ, ನಾಳೆ ಅಥವಾ ನಾಡಿದ್ದು ಹಾಸಿಗೆ ಹಿಡಿಯುವಂಥ ಕುಸಿತ. ದುಡಿದದ್ದಕ್ಕೂ ಕುಸಿದದ್ದಕ್ಕೂ ತಾಳೆಯೇ ಇರುವುದಿಲ್ಲ. ‘ಶ್ರಮದ ಮೇಲಿನ ಕುಸಿತ’ ಎನ್ನಬಹುದಾದ ಇದು ಎಂಇ/ಸಿಎಫ್‌ಎಸ್ ಎಂಬ ದೀರ್ಘಕಾಲದ ಬಳಲಿಕೆಯ ಕಾಯಿಲೆಯ ಮುಖ್ಯ ಗುರುತು. ಕೋವಿಡ್ ನಂತರ ಚೇತರಿಸಿಕೊಳ್ಳದೆ ಉಳಿದವರಲ್ಲೂ ಕೆಲವರಿಗೆ ಇದು ಕಂಡಿದೆ. ದಿನದಿನವೂ ವ್ಯಾಯಾಮ ಏರಿಸುತ್ತಾ ಹೋಗಿ ಎಂಬ ಹಳೆಯ ಸಲಹೆಯನ್ನು, ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿತು. ಇರುವ ಶಕ್ತಿಯ ಮಿತಿಯೊಳಗೆ ದಿನವನ್ನು ಹಂಚಿಕೊಳ್ಳುವುದನ್ನು ಕಲಿಸಿ ಎಂದಿತು. ತಿಂಗಳ ಕೂಲಿಯಲ್ಲಿ ಮನೆ ನಡೆಸುವ ಹೆಂಗಸಿಗೆ ಈ ವಿದ್ಯೆ ಹೊಸದಲ್ಲ. ಸಂಬಳದ ದಿನವೇ ಎಲ್ಲ ಖರ್ಚುಮಾಡಿದರೆ ಇಪ್ಪತ್ತನೆಯ ತಾರೀಖಿಗೆ ಏನಾಗುತ್ತದೆಂದು ಅವಳಿಗೆ ಗೊತ್ತು.

ಗಮನ ಹಿಡಿದು ಕೂರುವುದೂ ಶ್ರಮವೇ. ಅದಕ್ಕೂ ಈ ಖಾತೆಯಿಂದಲೇ ಹಣ ತೆಗೆಯಬೇಕು.

ಮಲಗಿಕೊಂಡೇ, ಐದು ನಿಮಿಷ

ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿಯ ಹತ್ತಿರ, ಕೆಬ್ಬೆದೊಡ್ಡಿಯಲ್ಲಿ ಬಯಲಿನ ನಡುವೆ ದೊಡ್ಡ ಪಿರಮಿಡ್ ಧ್ಯಾನಮಂದಿರ ಎದ್ದು ಕಾಣುತ್ತದೆ. ಅದೇ ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಹೋದರೆ ಆರ್ಟ್ ಆಫ್ ಲಿವಿಂಗ್ ಆಶ್ರಮ. ಧ್ಯಾನವೆಂದರೆ ಬೆನ್ನು ನೆಟ್ಟಗೆ ಮಾಡಿ, ಪದ್ಮಾಸನ ಹಾಕಿ, ಬಿಳಿ ಬಟ್ಟೆ ಉಟ್ಟು ಗಂಟೆಗಟ್ಟಲೆ ಕೂರುವುದು ಎಂಬ ಚಿತ್ರ ಈ ಭಾಗದ ಜನರ ಮನಸ್ಸಿನಲ್ಲಿ ಗಟ್ಟಿಯಾಗಿದೆ. ಸೊಂಟನೋವಿನವರನ್ನು ಮೊದಲ ದಿನವೇ ಓಡಿಸುವುದು ಈ ಚಿತ್ರವೇ.

ಭಂಗಿಯಲ್ಲಿ ಪವಾಡವಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲಿನ ಕೆಳಗೆ ಒಂದು ದಿಂಬು ಇಟ್ಟುಕೊಳ್ಳಬಹುದು. ಗೋಡೆಗೆ ಒರಗಬಹುದು, ಕುರ್ಚಿಯಲ್ಲಿ ಕೂರಬಹುದು. ಕಣ್ಣು ಪೂರ್ತಿ ಮುಚ್ಚಬೇಕೆಂದಿಲ್ಲ, ಅರ್ಧ ತೆರೆದಿದ್ದರೂ ಸರಿ. ಬೆಂಗಳೂರಿನಲ್ಲಿ ಕುತ್ತಿಗೆ ನೋವಿನ 60 ಜನರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ನೆನೆಯಬೇಕಾದ್ದು. ಎಲ್ಲರಿಗೂ ಫಿಜಿಯೋಥೆರಪಿ ಇತ್ತು. ಆಮೇಲೆ ಒಂದು ಗುಂಪು ಇಪ್ಪತ್ತು ನಿಮಿಷ ಸುಮ್ಮನೆ ಅಂಗಾತ ಮಲಗಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು, ಮಲಗಿಯೇ, ಮೈಯೊಳಗೆ ನಾದದ ಕಂಪನವನ್ನು ಗಮನಿಸುವ ವಿಧಾನ ಮಾಡಿತು. ಹತ್ತು ದಿನಗಳಲ್ಲಿ ನಾದ ಗಮನಿಸಿದವರ ನೋವು, ಬಿಗಿತ ಹೆಚ್ಚು ಇಳಿದಿತ್ತು.

ಶುರುಮಾಡುವಾಗ ನೋಯುವ ಜಾಗಕ್ಕೆ ಹೋಗಬೇಡಿ. ಅಂಗೈ, ತುಟಿ, ಹೊದಿಕೆ ತಾಗಿದ ಪಾದ, ಹೀಗೆ ತಂಟೆಯಿಲ್ಲದ ಒಂದು ಜಾಗ ಹುಡುಕಿ ಅಲ್ಲಿನ ಬಿಸಿ ತಂಪು ಗಮನಿಸಿ. ಉಸಿರನ್ನೇ ನೋಡಬೇಕೆಂದು ಹಟವಿಲ್ಲ, ಎದೆ ಬಿಗಿಯುವವರಿಗೆ ಉಸಿರೇ ಹೆದರಿಕೆ ತರಬಹುದು. ಗಮನ ಜಾರುತ್ತದೆ, ಜಾರಲಿ. ಬೇಸಿನ್ನಿನ ಮುಂದೆ ನಿಂತವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ಗೂಡಿನಲ್ಲಿ ಅರ್ಧ ಕಿಲೋಮೀಟರಿಗೂ ಉದ್ದದ ಎಳೆ ಇರುತ್ತದೆ, ಅದು ನಡುವೆ ತುಂಡಾಗುತ್ತದೆ. ತುಂಡಾಯಿತೆಂದು ಯಾರೂ ಕೆಲಸ ಬಿಟ್ಟು ಎದ್ದುಹೋಗುವುದಿಲ್ಲ. ತುದಿ ಹುಡುಕಿ ಮತ್ತೆ ಕೂಡಿಸುವುದೇ ಆ ಕಸುಬು. ಧ್ಯಾನದಲ್ಲಿ ಮಿದುಳು ಕಲಿಯುವುದೂ ಆ ಕೂಡಿಸುವ ಗಳಿಗೆಯಲ್ಲೇ.

ಒಂದೆರಡು ವಾರ ಕಳೆದ ಮೇಲೆ, ಮನಸ್ಸು ತಿಳಿಯಾಗಿದ್ದ ದಿನ, ನೋವಿನ ಅಂಚಿಗೆ ಹೋಗಿ ನೋಡಬಹುದು. ಅಲ್ಲಿ ಕನ್ನಡದ ಪದಗಳೇ ಬ್ಯಾಟರಿ. ಇದು ಉರಿಯೋ, ಸೆಳೆತವೋ, ಚುಚ್ಚುವುದೋ, ಹಿಡಿತವೋ, ಜೋಮೋ, ಸಿಡಿತವೋ? ಒಂದೇ ಕಡೆ ಇದೆಯೋ, ಸರಿಯುತ್ತಿದೆಯೋ? ಗೇಟಿನ ವಿಚಾರ ಹೇಳಿದ ಮೆಲ್ಜಾಕ್ ಅವರೇ 1975ರಲ್ಲಿ ನೋವನ್ನು ಬಣ್ಣಿಸುವ 78 ಪದಗಳ ಪಟ್ಟಿ ಮಾಡಿ ಅಳತೆಗೋಲೊಂದನ್ನು ರೂಪಿಸಿದರು. ಕಬಾಟ್-ಜಿನ್ ತಮ್ಮ 51 ರೋಗಿಗಳ ನೋವು ಅಳೆದದ್ದು ಅದರಿಂದಲೇ. ‘ಅಯ್ಯೋ ಸತ್ತೆ’ ಎಂಬುದು ಇಡೀ ಹೊಲಕ್ಕೇ ಪಟಾಕಿ. ‘ಎಡಗಡೆ ಸೆಳೆತ, ಈಗ ಸ್ವಲ್ಪ ಸಡಿಲ’ ಎಂಬುದು ತರಗೆಲೆಯ ಮೇಲೆ ಬಿದ್ದ ಬೆಳಕು. ಅರ್ಧ ನಿಮಿಷ ನೋಡಿ, ಮತ್ತೆ ಅಂಗೈಗೆ ಬನ್ನಿ.

ಸಮಯ ತೀರ್ಮಾನಿಸುವುದು ಗಡಿಯಾರ. ನೋವು ಹೆಚ್ಚಾದರೆ ಮೊದಲೇ ನಿಲ್ಲಿಸಬಹುದು. ಆದರೆ ಹಿತವಾಗಿದೆಯೆಂದು ಐದು ನಿಮಿಷವನ್ನು ಇಪ್ಪತ್ತು ಮಾಡಬಾರದು. ಮೈ ಹಗುರವಾದ ದಿನ ಬಟ್ಟೆ ರಾಶಿ ಒಗೆದ ತಪ್ಪೇ ಇದು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು ಆಲೆ ಮರವನ್ನು ಲೇತಿನ ಮೇಲಿಟ್ಟು, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಬಣ್ಣ ಹತ್ತುವುದು ಆ ಉಜ್ಜಿನ ಬಿಸಿಗೆ. ಒತ್ತಡ ಕಡಿಮೆಯಾದರೆ ಅರಗು ಕರಗದು, ಹೆಚ್ಚಾದರೆ ಬಣ್ಣ ಕೆಡುತ್ತದೆ. ಕೈಗೆ ಆ ಹದ ಬರಲು ದಿನಗಳು ಬೇಕು, ಇಲ್ಲೂ ಹಾಗೆಯೇ.

ಕೂರಲೇ ಆಗದವರು ನಿಂತೇ ಮಾಡಬಹುದು. ಮಾಗಡಿಯ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುವಾಗ ಎರಡು ಪಾದಗಳ ಮೇಲೆ ಭಾರ ಹೇಗೆ ಹಂಚಿಹೋಗಿದೆ ಎಂದು ಗಮನಿಸುವುದೂ ಇದೇ ಅಭ್ಯಾಸ.

ಎಷ್ಟು ಫಲ, ಯಾರಿಗೆ ಬೇಡ

ಇದು ರಾಮಬಾಣವಲ್ಲ, ಅಂಕಿಗಳೂ ಹಾಗೆನ್ನುವುದಿಲ್ಲ. ಅಮೆರಿಕದಲ್ಲಿ ಹಳೆಯ ಬೆನ್ನುನೋವಿನ 342 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಹೊತ್ತಿಗೆ ಕಬಾಟ್-ಜಿನ್ ಕ್ರಮದ ಧ್ಯಾನ ಕಲಿತವರಲ್ಲಿ ಶೇಕಡಾ 60ರಷ್ಟು ಜನರಿಗೆ ದಿನನಿತ್ಯದ ಓಡಾಟ, ಕೆಲಸಗಳಲ್ಲಿ ಗಣನೀಯ ಸುಧಾರಣೆ ಕಂಡಿತು. ಯೋಚನೆಯ ಧಾಟಿ ಬದಲಿಸುವ ಮನೋಚಿಕಿತ್ಸೆ ಪಡೆದವರಲ್ಲೂ ಹೆಚ್ಚುಕಡಿಮೆ ಅಷ್ಟೇ, ಶೇಕಡಾ 58. ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಲ್ಲಿ ಶೇಕಡಾ 44. ನೂರರಲ್ಲಿ ಇನ್ನೂ ಹದಿನಾರು ಜನ ಸುಧಾರಿಸುವುದು ಸಣ್ಣ ಮಾತಲ್ಲ. ನೂರರಲ್ಲಿ ನಲವತ್ತು ಜನರಿಗೆ ಹೆಚ್ಚೇನೂ ಫಲ ಸಿಗಲಿಲ್ಲ ಎಂಬುದನ್ನೂ ಮುಚ್ಚಿಡಬಾರದು.

ನಮ್ಮ ಪಕ್ಕದ ಆನೇಕಲ್ ತಾಲ್ಲೂಕಿನ ಜಿಗಣಿಯಲ್ಲಿ, ಎಸ್-ವ್ಯಾಸ ಯೋಗ ಸಂಸ್ಥೆಯ ಪದ್ಮಿನಿ ಟೇಕೂರ್, ಆರ್. ನಾಗರತ್ನ, ಎಚ್.ಆರ್. ನಾಗೇಂದ್ರ ಮತ್ತು ಸಂಗಡಿಗರು ಬೆನ್ನುನೋವಿನ 80 ಜನರನ್ನು ಏಳು ದಿನ ಅಲ್ಲೇ ಉಳಿಸಿಕೊಂಡು ನಡೆಸಿದ ಅಧ್ಯಯನ 2008ರಲ್ಲಿ ಬಂತು. ಆಸನ, ಪ್ರಾಣಾಯಾಮ, ಧ್ಯಾನ ಕೂಡಿದ ಕ್ರಮ ಅನುಸರಿಸಿದ ಗುಂಪಿನವರಿಗೆ, ಬರೀ ವ್ಯಾಯಾಮ ಮಾಡಿದವರಿಗಿಂತ ದಿನನಿತ್ಯದ ಅಡಚಣೆ ಹೆಚ್ಚು ತಗ್ಗಿತು. ಆದರೆ ಅಲ್ಲಿ ವಾರವಿಡೀ ಅಡುಗೆಯಿಲ್ಲ, ಬೇಸಿನ್ನಿಲ್ಲ, ಮಕ್ಕಳ ಗಲಾಟೆಯಿಲ್ಲ. ಕೂಲಿ ಬಿಟ್ಟು ಏಳು ದಿನ ಹೋಗಲಾಗದವರಿಗೆ ಹೊಂದುವ ಕ್ರಮ ರೂಪಿಸುವ ಕೆಲಸ ಇನ್ನೂ ಬಾಕಿಯಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ನಡೆಯುವ, ಕನ್ನಡದಲ್ಲಿ ಹೇಳಿಕೊಡುವ ಅರ್ಧ ಗಂಟೆಯ ತರಗತಿ ಅಸಾಧ್ಯವೇನಲ್ಲ.

ಧ್ಯಾನ ಹಿಡಿಸದವರೂ ಇದ್ದಾರೆ. ಹಿಂದೆ ಹಿಂಸೆ, ಆಘಾತ ಅನುಭವಿಸಿದವರಿಗೆ ಸುಮ್ಮನಿರುವುದೇ ಹಳೆಯದನ್ನು ಕೆದಕಬಹುದು. ತೀವ್ರ ಖಿನ್ನತೆ ಇದ್ದವರು, ಇಲ್ಲದ ದನಿ ಕೇಳಿಸುವವರು ಮನೋವೈದ್ಯರನ್ನು ಕೇಳದೆ ಶುರುಮಾಡಬಾರದು. ಅಭ್ಯಾಸದ ನಡುವೆ ಭಯ ಉಕ್ಕಿದರೆ ಕಣ್ಣು ತೆರೆದು, ಎದ್ದು ನಿಂತು, ಮುಖಕ್ಕೆ ನೀರು ಹಾಕಿಕೊಳ್ಳಿ, ಅಂದಿಗೆ ಅಷ್ಟೇ ಸಾಕು. ಕೆಲವು ಸದ್ದುಗಳು ನಿಜವಾಗಿಯೂ ಆನೆಯವೇ. ಕಾಲಿನ ಬಲ ಕುಗ್ಗುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆಗಿನ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಯಾವ ಮಗ್ಗುಲಾದರೂ ಬಿಡದೆ ರಾತ್ರಿ ಎಬ್ಬಿಸುವ ನೋವು, ಎದೆ ಹಿಂಡಿದಂತಾಗುವುದು ಕಂಡರೆ ಚಾಪೆ ಹಾಸದೆ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ಧ್ಯಾನದ ನಂಬಿಕೆಯಲ್ಲಿ ನಿಲ್ಲಿಸುವುದೂ ಸಲ್ಲ.

ಇನ್ನೊಂದು ಸಣ್ಣ ವಿಷಯ. ದಿನವೂ ‘ಇವತ್ತು ನೋವು ಎಷ್ಟು?’ ಎಂದು ಅಳೆದುಕೊಳ್ಳುವುದು ಕಾವಲುಗಾರನನ್ನು ಎಬ್ಬಿಸಿ ‘ಆನೆ ಬಂತೇ?’ ಎಂದು ಕೇಳಿದಂತೆ. ಬರೆದಿಡುವುದಾದರೆ ಬೇರೆಯದನ್ನು ಬರೆಯಿರಿ, ಕ್ಯಾಲೆಂಡರಿನ ಮೂಲೆಯಲ್ಲಿ ಒಂದೇ ಸಾಲು: ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಸಂತೆಗೆ ನಡೆದು ಹೋದೆನೋ ಆಟೋದಲ್ಲಿ ಹೋದೆನೋ, ಮೊಮ್ಮಗುವನ್ನು ಎಷ್ಟು ಹೊತ್ತು ಎತ್ತಿಕೊಂಡೆ. ಎಂಟು ವಾರ ಕಳೆದ ಮೇಲೆ ಆ ಹಾಳೆಗಳನ್ನು ತಿರುವಿ ನೋಡಿ, ಫಿಜಿಯೋಥೆರಪಿಗೋ ವೈದ್ಯರ ಬಳಿಗೋ ಹೋಗುವಾಗ ಜೊತೆಗೆ ಒಯ್ಯಿರಿ.